ಮೆಡಿಕೇಡ್‌ನಲ್ಲಿ (ಕಡಿಮೆ ಆದಾಯದವರ ಚಿಕಿತ್ಸೆ, ಆರೈಕೆಯ ಖರ್ಚು ಭರಿಸುವ ಅಮೆರಿಕದ ಸರ್ಕಾರಿ ಯೋಜನೆ) ಲೀನ್, ಎಸ್ಟೇಟ್ ರಿಕವರಿ ಎರಡೂ ಒಂದೇನಾ?

ಅಲ್ಲ. ಲೀನ್ ಅಂದರೆ ಮನೆಯ ಮೇಲಿನ ಋಣಭಾರ, ನಮ್ಮ ಪಹಣಿಯಲ್ಲಿ ಬ್ಯಾಂಕ್ ಸಾಲ ಕೂತ ಹಾಗೆ. ಅಮೆರಿಕದಲ್ಲಿ ಮೆಡಿಕೇಡ್ ನೆರವಿನಿಂದ ನರ್ಸಿಂಗ್ ಹೋಮ್ (ಅಲ್ಲಿ ಇದು ದೀರ್ಘಾವಧಿ ಆರೈಕೆ ಕೇಂದ್ರ) ಸೇರಿದವರು ಮನೆಗೆ ಮರಳುವ ಸಾಧ್ಯತೆ ಇಲ್ಲವೆಂದು, ನೋಟಿಸ್ ಕೊಟ್ಟು ವಿಚಾರಣೆಗೆ ಅವಕಾಶವಿತ್ತು ತೀರ್ಮಾನಿಸಿದ ಮೇಲೆ, ಅವರು ಬದುಕಿರುವಾಗಲೇ ರಾಜ್ಯ ಇದನ್ನು ಹಾಕಬಹುದು. ಗಂಡ, ಹೆಂಡತಿ ಅಥವಾ 21 ತುಂಬದ ಮಗು ಆ ಮನೆಯಲ್ಲಿದ್ದರೆ ಹಾಕುವಂತಿಲ್ಲ. ಗುಣವಾಗಿ ಮನೆಗೆ ವಾಪಸಾದರೆ ಲೀನ್ ರದ್ದು.

ಎಸ್ಟೇಟ್ ರಿಕವರಿ ಸಾವಿನ ನಂತರದ್ದು, ತೀರಿಕೊಂಡವರು ಬಿಟ್ಟುಹೋದ ಆಸ್ತಿಯಿಂದ (ಎಸ್ಟೇಟ್) ಮಾಡುವ ವಸೂಲಿ. 55 ವರ್ಷ ತುಂಬಿದ ಮೇಲೆ ಮೆಡಿಕೇಡ್‌ನಿಂದ ಪಡೆದ ದೀರ್ಘಾವಧಿ ಆರೈಕೆಯ ಖರ್ಚನ್ನು 1993ರ ಕಾನೂನಿನಂತೆ ರಾಜ್ಯ ಕೇಳಲೇಬೇಕು. ಸಂಗಾತಿ ಬದುಕಿರುವವರೆಗೆ ವಸೂಲಿ ಇಲ್ಲ. ಜನ ಎಡವುವುದು ‘ಎಸ್ಟೇಟ್’ ಎಂಬ ಪದದಲ್ಲೇ: ಕೆಲವು ರಾಜ್ಯಗಳಲ್ಲಿ ಪ್ರೊಬೇಟ್‌ಗೆ (ತೀರಿಕೊಂಡವರ ಆಸ್ತಿಯನ್ನು ಕೋರ್ಟ್ ಮೂಲಕ ಇತ್ಯರ್ಥ ಮಾಡುವ ಪ್ರಕ್ರಿಯೆ) ಬರುವ ಆಸ್ತಿ ಮಾತ್ರ, ಕೆಲವೆಡೆ ಜಂಟಿ ಹೆಸರಿನ ಮನೆಯೂ ಸೇರುತ್ತದೆ.