ಕಡಲ ಬದಿಯ ಮನೆಗೆ ಯಾವ ಮೌಸ್?

ಓದುಗರ ಪತ್ರ:
"ನಾನು ಕಾಪುವಿನಲ್ಲಿ ಮನೆಯಲ್ಲೇ ಕೂತು ಕೆಲವು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್, ಇಷ್ಟೇ ಕೆಲಸ. ಕಿಟಕಿ ತೆಗೆದರೆ ಕಡಲು ಕಾಣುತ್ತದೆ. ನನ್ನ ವಯರ್‌ಲೆಸ್ ಮೌಸ್ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಾಳಾಯಿತು. ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದ ಹಾಗೆ ಆಗುತ್ತದೆ, ಮೈಯೆಲ್ಲ ಅಂಟು ಅಂಟು. ಉಡುಪಿಯ ಅಂಗಡಿಯಲ್ಲಿ ಮೂರು ತೋರಿಸಿದರು. 600 ರೂಪಾಯಿಯದ್ದಕ್ಕೆ ಬರೀ ಡಾಂಗಲ್, ಅಂದರೆ ಕಂಪ್ಯೂಟರಿನ ಯುಎಸ್‌ಬಿಗೆ ಚುಚ್ಚುವ ಪುಟ್ಟ ತುಂಡು. 2,500 ರೂಪಾಯಿಯದ್ದಕ್ಕೆ ಡಾಂಗಲ್, ಬ್ಲೂಟೂತ್ ಎರಡೂ ಉಂಟು. 9,000 ರೂಪಾಯಿಯದ್ದು ಚಾರ್ಜ್ ಮಾಡುವಂಥದ್ದು, 8000 ಡಿಪಿಐ ಅಂತೆ. ಮಗ ಬ್ಲೂಟೂತೇ ತೆಗೆದುಕೊಳ್ಳಿ ಅನ್ನುತ್ತಾನೆ. ನಾನು ಎಡಗೈಯವಳು. ಮೇಜಿಗೆ ಗಾಜು ಹಾಸಿದೆ. ಹಳೆಯ ಡೆಸ್ಕ್‌ಟಾಪ್ ಒಂದು, ಲ್ಯಾಪ್‌ಟಾಪ್ ಒಂದು ಉಂಟು. ಯಾವುದು ತೆಗೆದುಕೊಳ್ಳಲಿ? ಹೆಸರು ಹಾಕಬೇಡಿ, ಗಿರಾಕಿಗಳು ಓದುತ್ತಾರೆ."

ಸಂಪಾದಕರ ಉತ್ತರ:
ಹೆಸರು ಹಾಕಿಲ್ಲ, ಚಿಂತೆ ಬೇಡ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಡುವಿನದ್ದನ್ನು ತೆಗೆದುಕೊಳ್ಳಿ. ಆದರೆ ಎರಡು ಷರತ್ತು ಉಂಟು. ಅದರ ಮೈ ಗಟ್ಟಿ ಪ್ಲಾಸ್ಟಿಕ್‌ನದ್ದಾಗಿರಬೇಕು, ರಬ್ಬರಿನ ಹಾಗೆ ಮೆತ್ತಗಿರಬಾರದು. ಒಳಗೆ ನಾವೇ ಬದಲಿಸಬಹುದಾದ ಎಎ ಸೆಲ್ ಇರಬೇಕು. ಇವೆರಡೂ ಇಲ್ಲ ಅಂತಾದರೆ 600 ರೂಪಾಯಿಯದ್ದೇ ವಾಸಿ.

ಅಂಗಡಿಯಲ್ಲಿ ನಿಮಗೆ ಹೇಳಿದ್ದೆಲ್ಲ ಡಿಪಿಐ, ಬ್ಲೂಟೂತ್, ಚಾರ್ಜಿಂಗ್ ವಿಷಯ. ಪೆಟ್ಟಿಗೆ ಮೇಲೆ ಅಚ್ಚು ಹಾಕುವುದೂ ಅದನ್ನೇ. ನಮ್ಮ ಕರಾವಳಿಯಲ್ಲಿ ಮೌಸ್ ಹಾಳಾಗುವುದು ಇದಾವುದರಿಂದಲೂ ಅಲ್ಲ, ತೇವದಿಂದ. ಜಡಿಮಳೆಯ ಆಟಿ ತಿಂಗಳಲ್ಲಿ ಕಪಾಟಿನ ಪುಸ್ತಕಕ್ಕೆ ಬೂಸ್ಟು ಬರುತ್ತದೆ, ಬೆಲ್ಟು ಚಪ್ಪಲಿಗೂ ಬರುತ್ತದೆ. ಮೌಸ್ ಮಾತ್ರ ಬೆಂಗಳೂರಿನಲ್ಲಿದ್ದ ಹಾಗೆ ಇರಬೇಕು ಅಂದರೆ ಹೇಗೆ? ನಿಮ್ಮದಂತೂ ಕಡಲಿಗೆ ತಾಗಿದ ಮನೆ. ಮಳೆಗಾಲ ಮುಗಿದರೂ ಉಪ್ಪಿನ ಗಾಳಿ ಬಿಡುವುದಿಲ್ಲ. ಹಾಗಾಗಿ ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಮೂರು ಮೌಸ್‌ಗಳ ಬೆಲೆ ಅಲ್ಲ, ಹಳೆಯದಕ್ಕೆ ಬಂದ ರೋಗ.

ಮೊದಲು ಆ ಎರಡೆರಡು ಕ್ಲಿಕ್ಕಿನ ಕಥೆ. ಗುಂಡಿಯ ಅಡಿಯಲ್ಲಿ ಒಂದು ಪುಟ್ಟ ಸ್ವಿಚ್ಚು ಇರುತ್ತದೆ. ಅದರೊಳಗೆ ತೆಳ್ಳಗಿನ ಲೋಹದ ಪಟ್ಟಿ. ಒತ್ತಿದಾಗ ಪಟ್ಟಿ ಇನ್ನೊಂದು ಲೋಹಕ್ಕೆ ತಾಗುತ್ತದೆ, ಬಿಟ್ಟಾಗ ಹಿಂದೆ ಹಾರುತ್ತದೆ. ತಾಗುವಾಗ ಅದು ಸ್ವಲ್ಪ ಕುಪ್ಪಳಿಸುತ್ತದೆ. ಹೊಸ ಮೌಸ್‌ನಲ್ಲೂ ಹೀಗೇ. ಅದಕ್ಕೇ ಒಳಗಿನ ಚಿಪ್ ಕೆಲವು ಮಿಲಿಸೆಕೆಂಡ್ ಕಾದು, ಆ ಕುಪ್ಪಳಿಕೆಯನ್ನೆಲ್ಲ ಸೇರಿಸಿ ಒಂದೇ ಕ್ಲಿಕ್ ಎಂದು ಎಣಿಸುತ್ತದೆ. ತಾಗುವ ಜಾಗಕ್ಕೆ ಕಿಲುಬು ಬಂದರೆ, ಇಲ್ಲವೇ ಪಟ್ಟಿಯ ಬಿಗಿ ಹೋದರೆ, ಸಂಪರ್ಕ ಕಡಿದು ಕಡಿದು ಆಗುತ್ತದೆ. ಕಾಯುವ ಹೊತ್ತು ಮುಗಿದ ಮೇಲೂ ಅದು ಕಡಿದು ಕೂಡಿದರೆ ಚಿಪ್ ಎರಡನೆಯ ಕ್ಲಿಕ್ ಎಂದು ಬರೆದುಕೊಳ್ಳುತ್ತದೆ. ವಯರ್‌ಲೆಸ್ ಮೌಸ್‌ಗೆ ಇನ್ನೊಂದು ತೊಂದರೆ. ಸೆಲ್ ಬೇಗ ಮುಗಿಯಬಾರದೆಂದು ಸ್ವಿಚ್ಚಿನಲ್ಲಿ ತೀರಾ ಕಡಿಮೆ ಕರೆಂಟು ಹರಿಸುತ್ತಾರೆ. ಸ್ವಲ್ಪ ಜಾಸ್ತಿ ಹರಿದರೆ ತೆಳು ಕಿಲುಬು ತಾನಾಗಿಯೇ ಸುಟ್ಟುಹೋಗುತ್ತದೆ. ಇಷ್ಟು ಕಡಿಮೆಯಲ್ಲಿ ಹೋಗುವುದಿಲ್ಲ.

ಪೆಟ್ಟಿಗೆ ಮೇಲೆ ಒಂದು ಕೋಟಿ, ಎರಡು ಕೋಟಿ ಕ್ಲಿಕ್ ಬಾಳಿಕೆ ಅಂತ ಬರೆದದ್ದು ನೋಡಿರಬಹುದು. ಅದು ಒತ್ತಿ ಒತ್ತಿ ಸವೆಯುವ ಲೆಕ್ಕ. ಕಿಲುಬಿಗೆ ಆ ಲೆಕ್ಕ ಗೊತ್ತಿಲ್ಲ. ವಿಂಡೋಸ್ ಸೆಟ್ಟಿಂಗ್‌ನಲ್ಲಿ ಡಬಲ್ ಕ್ಲಿಕ್ ವೇಗ ಬದಲಿಸಿ ನೋಡಿ ಎಂದು ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ. ಎರಡನೆಯ ಕ್ಲಿಕ್ ಹುಟ್ಟುವುದು ಮೌಸ್‌ನಲ್ಲಿ. ಆಟ ಆಡುವವರಿಗೆ ಮಾಡಿದ ಕೆಲವು ಮೌಸ್‌ಗಳಲ್ಲಿ ಬೆಳಕಿನ ಸ್ವಿಚ್ಚು ಇರುತ್ತದೆ. ಅಲ್ಲಿ ಕ್ಲಿಕ್ ಗೊತ್ತಾಗುವುದು ಬೆಳಕಿನ ಕಿರಣ ಕಡಿದಾಗ ಅಥವಾ ಬಿಟ್ಟಾಗ. ಕಿಲುಬು ಬರಲಿಕ್ಕೆ ತಾಗುವ ಲೋಹವೇ ಇಲ್ಲ. ನಿಮ್ಮ ಬಜೆಟ್ ಒಳಗೆ ಅಂಥದ್ದು ಸಿಕ್ಕಿ, ಕೈಗೂ ಹೊಂದಿದರೆ ಧಾರಾಳವಾಗಿ ನೋಡಿ. ಮೈಯಲ್ಲಿ ಬಣ್ಣದ ದೀಪ ಮಿನುಗುವುದನ್ನು ಮಾತ್ರ ಸಹಿಸಿಕೊಳ್ಳಬೇಕು. ಹೆಚ್ಚಿನದರಲ್ಲಿ ಅದನ್ನು ಆರಿಸಲಿಕ್ಕೂ ಆಗುತ್ತದೆ.

ಇನ್ನು ಅಂಟು. ಅಂಗಡಿಯಲ್ಲಿ ಕೈಗೆ ಹಿತ ಅನ್ನಿಸುವ ಆ ಮಖಮಲ್ಲಿನಂಥ ಲೇಪ ಇದೆಯಲ್ಲ, ಅದು ಸಾಮಾನ್ಯವಾಗಿ ಪಾಲಿಯುರಿಥೇನ್. ಗಾಳಿಯ ತೇವಕ್ಕೆ ಅದು ನಿಧಾನವಾಗಿ ಒಡೆಯುತ್ತದೆ, ಮೆತ್ತಗಾಗುತ್ತದೆ, ಆಮೇಲೆ ಕೈಗೆ ಅಂಟುತ್ತದೆ. ಕೈಬೆವರು, ಎಣ್ಣೆ ಸೇರಿದರೆ ಇನ್ನೂ ಬೇಗ. ಕೊಳೆ ಅಂದುಕೊಂಡು ಎಷ್ಟು ತೊಳೆದರೂ ಹೋಗುವುದಿಲ್ಲ, ಯಾಕೆಂದರೆ ಕೊಳೆತದ್ದು ಲೇಪವೇ. ಹಳೆಯ ಮೌಸ್‌ನ ಸೆಲ್ ತೆಗೆದು, ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಹಾಕಿ ಉಜ್ಜಿ. ಲೇಪ ಕರಗಿ ಬರುತ್ತದೆ, ಅಡಿಯಲ್ಲಿ ಗಟ್ಟಿ ಪ್ಲಾಸ್ಟಿಕ್ ಕಾಣುತ್ತದೆ. ಅದಕ್ಕೇ ನಾನು ಗಟ್ಟಿ ಮೈಯ ಮೌಸೇ ಬೇಕು ಎಂದದ್ದು. ಚಂದ ಸ್ವಲ್ಪ ಕಡಿಮೆ ಇರಬಹುದು. ಅಂಗಡಿಯಲ್ಲಿ ಪೆಟ್ಟಿಗೆ ಬಿಚ್ಚಿಸಿ ಬೆರಳಲ್ಲಿ ಉಜ್ಜಿ ನೋಡಿ. ಬಿಚ್ಚಲಿಕ್ಕೆ ಆಗುವುದಿಲ್ಲ ಅಂದರೆ ಉಡುಪಿಯ ಕಲ್ಸಂಕದಿಂದ ಬಸ್‌ಸ್ಟ್ಯಾಂಡಿನವರೆಗೆ ಬೇರೆ ಅಂಗಡಿಗಳಿಗೆ ಬರವಿಲ್ಲ.

ಸೆಲ್ ಯಾಕೆ ಬೇಕು? ಒಳಗೇ ಕೂಡಿಸಿದ ಲಿಥಿಯಂ ಬ್ಯಾಟರಿ ವರ್ಷ ಕಳೆದ ಹಾಗೆ ಸೋಲುತ್ತದೆ, ಅದನ್ನು ಬದಲಿಸಿ ಕೊಡುವವರನ್ನು ಹುಡುಕಬೇಕು. ಚಾರ್ಜ್ ಮಾಡುವ ತೂತು ಬೇರೆ ತೆರೆದೇ ಇರುತ್ತದೆ, ಉಪ್ಪಿನ ಗಾಳಿಗೆ ಅದೊಂದು ಬಾಗಿಲು. ಎಎ ಸೆಲ್ ಆದರೆ ಕಾಪು ಪೇಟೆಯ ಯಾವ ಅಂಗಡಿಯಲ್ಲೂ ಸಿಗುತ್ತದೆ. ಕಚೇರಿ ಕೆಲಸದ ಮೌಸ್‌ಗೆ ಒಂದೇ ಸೆಲ್ ತಿಂಗಳುಗಟ್ಟಲೆ ಬರುತ್ತದೆ. ಕೆಲವಕ್ಕೆ ವರ್ಷಕ್ಕಿಂತ ಜಾಸ್ತಿಯೂ ಬಂದೀತು. ಆದರೆ ಆಲ್ಕಲೈನ್ ಸೆಲ್ ಸೋರುತ್ತದೆ, ನೆನಪಿಡಿ. ಖಾಲಿಯಾದ ಸೆಲ್ ಒಳಗೇ ಉಳಿದರೆ ಬಿಳಿ ಹುಡಿ ಕಟ್ಟಿ ಸ್ಪ್ರಿಂಗನ್ನು ತಿಂದುಹಾಕುತ್ತದೆ. ಆ ಹುಡಿ ಕ್ಷಾರ. ಹಾಗಾಗಿ ಕಿವಿಗೆ ಹಾಕುವ ಹತ್ತಿಕಡ್ಡಿಗೆ ಒಂದು ಹನಿ ನಿಂಬೆರಸವೋ ವಿನೆಗರೋ ಮುಟ್ಟಿಸಿ ಒರೆಸಿದರೆ ಹೋಗುತ್ತದೆ. ಆಮೇಲೆ ಚೆನ್ನಾಗಿ ಒಣಗಿಸಿ. ರೀಚಾರ್ಜ್ ಸೆಲ್ 1.5 ವೋಲ್ಟ್ ಬದಲು 1.2 ವೋಲ್ಟ್ ಕೊಡುತ್ತದೆ, ಆದರೂ ಹೆಚ್ಚಿನ ಮೌಸ್‌ಗಳು ತಕರಾರಿಲ್ಲದೆ ಓಡುತ್ತವೆ. ಸೋರುವ ಭಯವೂ ಕಡಿಮೆ. ನಾನಾದರೆ ಅದನ್ನೇ ಹಾಕುತ್ತೇನೆ.

ಮಗನ ಮಾತಿಗೆ ಬರೋಣ. ಅವನು ಅರ್ಧ ಸರಿ. ಡಾಂಗಲ್ ಆಗಲಿ ಬ್ಲೂಟೂತ್ ಆಗಲಿ, ಎರಡೂ ಓಡುವುದು 2.4 ಗಿಗಾಹರ್ಟ್ಸ್‌ನಲ್ಲೇ. ಮನೆಯ ವೈಫೈಯ ಒಂದು ಭಾಗವೂ, ಮೈಕ್ರೋವೇವ್ ಒಲೆಯೂ ಅಲ್ಲೇ. ಹಾಗಾಗಿ ಒಂದು ಮೇಲು, ಇನ್ನೊಂದು ಕೀಳು ಎಂದೇನಿಲ್ಲ. ಲ್ಯಾಪ್‌ಟಾಪ್‌ಗೆ ಬ್ಲೂಟೂತ್ ಒಳ್ಳೆಯದು, ಒಂದು ಯುಎಸ್‌ಬಿ ತೂತು ಉಳಿಯುತ್ತದೆ. ನಿಮ್ಮ ಹಳೆಯ ಡೆಸ್ಕ್‌ಟಾಪ್‌ಗೆ ಬ್ಲೂಟೂತೇ ಇಲ್ಲದಿರಬಹುದು. ಅದರಲ್ಲಿ ಇನ್ನೂ ವಿಂಡೋಸ್ 7 ಇದ್ದರೆ ಈಗಿನ ಕಡಿಮೆ ವಿದ್ಯುತ್ತಿನ ಬ್ಲೂಟೂತ್ ಮೌಸ್ ಅದಕ್ಕೆ ಕೂಡುವುದೂ ಕಷ್ಟ. ಡಾಂಗಲ್ ಆದರೆ ಚುಚ್ಚಿದ ಕೂಡಲೇ ಓಡುತ್ತದೆ. ಎರಡೂ ಇರುವ ಮೌಸ್ ತೆಗೆದುಕೊಂಡರೆ ಡೆಸ್ಕ್‌ಟಾಪ್‌ಗೆ ಡಾಂಗಲ್ ಚುಚ್ಚಿಡಿ, ಲ್ಯಾಪ್‌ಟಾಪ್‌ಗೆ ಬ್ಲೂಟೂತ್ ಜೋಡಿಸಿ. ಮೌಸ್‌ನಲ್ಲಿರುವ ಒಂದು ಗುಂಡಿ ಒತ್ತಿ ಅತ್ತಿಂದಿತ್ತ ಹೋಗಬಹುದು. ನಿಮ್ಮ ಮಟ್ಟಿಗೆ 2,500 ರೂಪಾಯಿಗೆ ಅರ್ಥ ಬರುವುದು ಇಲ್ಲೇ. ಎರಡು ಕಂಪ್ಯೂಟರ್ ಇಲ್ಲದಿದ್ದರೆ ಈ ಖರ್ಚು ಬೇಡ ಅನ್ನುತ್ತಿದ್ದೆ.

ಡಾಂಗಲ್ ಎಲ್ಲಿ ಚುಚ್ಚುತ್ತೀರಿ ಎನ್ನುವುದನ್ನೂ ನೋಡಿ. ಒಳಗೆ ನೀಲಿ ಬಣ್ಣ ಇರುವ ಯುಎಸ್‌ಬಿ 3 ತೂತಿನಲ್ಲಿ ಹಾರ್ಡ್ ಡಿಸ್ಕೋ ಪೆನ್‌ಡ್ರೈವೋ ಓಡುತ್ತಿದ್ದರೆ, ಅದರಿಂದ ಹೊರಡುವ ಗದ್ದಲ 2.4 ಗಿಗಾಹರ್ಟ್ಸ್‌ನ ಮೇಲೆ ಬೀಳುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಬರೆದು ತಿಳಿಸಿತ್ತು. ಬ್ಯಾಕಪ್ ತೆಗೆಯುವ ಹೊತ್ತಿಗೆ ಸರಿಯಾಗಿ ಬಾಣದ ಗುರುತು ತಡವರಿಸಿದರೆ ಕಾರಣ ಇದೇ ಇರಬಹುದು. ಮೇಜಿನಡಿಯ ಕಂಪ್ಯೂಟರ್ ಡಬ್ಬಿಯ ಹಿಂಬದಿಗೆ ಚುಚ್ಚಿದರೆ ಕಬ್ಬಿಣದ ಕವಚವೂ ಅಡ್ಡ. ಒಂದು ಸಾದಾ ಯುಎಸ್‌ಬಿ ಎಕ್ಸ್‌ಟೆನ್ಷನ್ ವಯರ್ ತಂದು ಡಾಂಗಲನ್ನು ಮೇಜಿನ ಮೇಲೆ ತಂದಿಟ್ಟರೆ ಮುಗಿಯಿತು.

ಡಾಂಗಲ್ ಕಳೆದರೆ? ಅಗ್ಗದ ಮೌಸ್‌ಗಳಲ್ಲಿ ಹೆಚ್ಚಿನವಕ್ಕೆ ಅದು ಒಂದಕ್ಕೊಂದೇ ಜೋಡಿ, ಕಳೆದರೆ ಮೌಸ್ ಕಸಕ್ಕೆ. ಲಾಜಿಟೆಕ್‌ನ ಕೆಲವು ಮೌಸ್‌ಗಳ ಡಾಂಗಲ್ ಬೇರೆಯೇ ಸಿಗುತ್ತದೆ. 2009ರಲ್ಲಿ ಬಂದ ಯೂನಿಫೈಯಿಂಗ್ ಡಾಂಗಲ್‌ಗೆ ಕಿತ್ತಳೆ ಬಣ್ಣದ ನಕ್ಷತ್ರದಂಥ ಗುರುತು. 2021ರ ನಂತರದ್ದು ಲಾಜಿ ಬೋಲ್ಟ್. ಇವೆರಡರಲ್ಲೂ ಒಂದೇ ಡಾಂಗಲ್‌ಗೆ ಆರು ಸಾಧನ ಜೋಡಿಸಬಹುದು, ಆದರೆ ಹಳೆಯದರ ಮೌಸ್ ಹೊಸದಕ್ಕೆ ಕೂಡುವುದಿಲ್ಲ. ಬೇರೆಯವರ ಪಾಸ್‌ವರ್ಡ್ ಕೈಯಲ್ಲಿ ಇಟ್ಟುಕೊಂಡವರು ನೀವು. ಅದಕ್ಕೆ ಇನ್ನೊಂದು ಮಾತು. 2016ರಲ್ಲಿ ಮೌಸ್‌ಜ್ಯಾಕ್ ಎಂಬ ದೋಷ ಹೊರಗೆ ಬಂತು. ಹಲವು ಕಂಪನಿಗಳ ಡಾಂಗಲ್‌ಗಳಿಗೆ ಹೊರಗಿನವರು ದೂರದಿಂದಲೇ ಸುಳ್ಳು ಕೀ ಒತ್ತುಗಳನ್ನು ಕಳಿಸಬಹುದಿತ್ತು. ಬ್ಲೂಟೂತ್ ಮೌಸ್‌ಗಳಿಗೆ ಆ ದೋಷ ತಾಗಲಿಲ್ಲ. ಕಾಪುವಿನಲ್ಲಿ ನಿಮ್ಮ ಕಿಟಕಿಯ ಹೊರಗೆ ಯಾರೋ ಬಂದು ಕೂತು ಇದನ್ನು ಮಾಡುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ. ಆದರೂ ಹೆಸರೇ ಕೇಳದ ಕಂಪನಿಯ ಡಾಂಗಲ್ ಬೇಡ.

8000 ಡಿಪಿಐಯನ್ನು ಒಂದು ಗುಣಾಕಾರದಲ್ಲಿ ಮುಗಿಸೋಣ, ನೀವು ಲೆಕ್ಕದವರು. ಡಿಪಿಐ ಅಂದರೆ ಮೌಸ್ ಒಂದು ಇಂಚು ಸರಿದಾಗ ಕೊಡುವ ಎಣಿಕೆ. ಪರದೆಯ ಅಗಲ 1920 ಚುಕ್ಕಿ ಇದ್ದರೆ, 1000 ಡಿಪಿಐಯಲ್ಲಿ ಸುಮಾರು ಎರಡು ಇಂಚು ಸರಿಸಿದಾಗ ಈ ತುದಿಯಿಂದ ಆ ತುದಿಗೆ ತಲುಪುತ್ತೀರಿ. 8000ದಲ್ಲಿ ಕಾಲು ಇಂಚು ಸಾಕು. ಟ್ಯಾಲಿಯ ಸಾಲಿನ ಮೇಲೆ ಬಾಣ ನಿಲ್ಲಿಸಲಿಕ್ಕೆ ಆಗಲಿಕ್ಕಿಲ್ಲ ಮಾರಾಯ್ರೆ. ತೆಗೆದುಕೊಂಡವರೂ ಅದನ್ನು ಇಳಿಸಿಯೇ ಬಳಸುತ್ತಾರೆ.

ನೀವು ಹೇಳಿದ ಗುರುತಿನ ಮೇಲೆ ಆ ದುಬಾರಿಯದ್ದು ಲಾಜಿಟೆಕ್‌ನ ಎಂಎಕ್ಸ್ ಮಾಸ್ಟರ್ 3ಎಸ್ ಇರಬೇಕು. ಒಳ್ಳೆಯ ಮೌಸ್, ಅದರಲ್ಲಿ ಎರಡು ಮಾತಿಲ್ಲ. ನಿಮ್ಮ ಗಾಜಿನ ಮೇಲೂ ಓಡುತ್ತದೆ, ಗಾಜು 4 ಮಿಲಿಮೀಟರ್ ದಪ್ಪ ಇದ್ದರೆ ಸಾಕು. ಆದರೆ ಅದರ ಆಕಾರ ಬಲಗೈಗೆ ಕಡೆದದ್ದು. ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳಿಗೆ ಜಾಗವೇ ಇಲ್ಲ. ನಿಮ್ಮ ಪತ್ರದಲ್ಲಿ ಎಡಗೈ ವಿಷಯ ಕೊನೆಗೆ ಬಂದಿದೆ. ಅಂಗಡಿಯಲ್ಲಿ ಅದನ್ನೇ ಮೊದಲು ಹೇಳಿದ್ದರೆ ಆ ಪೆಟ್ಟಿಗೆ ಹೊರಗೆ ಬರುತ್ತಲೇ ಇರಲಿಲ್ಲ. ಗಾಜಿಗೆ ಬೇರೆ ಪರಿಹಾರ ಸುಲಭ. ಸಾದಾ ಮೌಸ್ ತನ್ನ ಅಡಿಯ ನೆಲದ ಚಿತ್ರವನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆದು, ಒಂದಕ್ಕೊಂದು ಹೋಲಿಸಿ ಎಷ್ಟು ಸರಿದೆ ಎಂದು ತಿಳಿಯುತ್ತದೆ. ನುಣುಪು ಗಾಜಿನಲ್ಲಿ ಅದಕ್ಕೆ ಹಿಡಿಯಲಿಕ್ಕೆ ಗುರುತೇ ಸಿಗುವುದಿಲ್ಲ. ಒಂದು ಪ್ಯಾಡ್ ಹಾಕಿ. ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯ ಹಿಂಬದಿಯೂ ನಡೆಯುತ್ತದೆ.

ಎಡಗೈ ನಿಮ್ಮ ಕೆಲಸಕ್ಕೆ ಅನುಕೂಲವೇ. ಕೀಬೋರ್ಡಿನ ಅಂಕಿಗಳ ಭಾಗ ಬಲಕ್ಕೆ ಇದೆ. ಬಲಗೈಯವರು ಅಂಕಿ ಹೊಡೆಯುವುದನ್ನು ಬಿಟ್ಟು ಮೌಸ್ ಹಿಡಿಯಬೇಕು, ಮತ್ತೆ ಬಿಟ್ಟು ಅಂಕಿಗೆ ಬರಬೇಕು. ನಿಮ್ಮ ಬಲಗೈ ಅಂಕಿಯ ಮೇಲೆ, ಎಡಗೈ ಮೌಸ್ ಮೇಲೆ. ದಿನವಿಡೀ ವೋಚರ್ ಹಾಕುವವರಿಗೆ ಇದು ಸಣ್ಣ ಉಳಿತಾಯ ಅಲ್ಲ. ಹಾಗಾಗಿ ಎರಡೂ ಬದಿ ಒಂದೇ ಥರ ಇರುವ ಮೌಸ್ ಆರಿಸಿ, ವಿಂಡೋಸ್‌ನಲ್ಲಿ ಮುಖ್ಯ ಗುಂಡಿಯನ್ನು ಬಲಕ್ಕೆ ಬದಲಿಸಿ. ಎಡಗೈಗೆಂದೇ ಮಾಡಿದವೂ ಉಂಟು, ಲಾಜಿಟೆಕ್‌ನ ಎಂ650ರ ದೊಡ್ಡ ಗಾತ್ರದ್ದು ಹಾಗೆ ಬರುತ್ತದೆ. ಒಂದೇ ಎಎ ಸೆಲ್, ಬ್ಲೂಟೂತ್ ಮತ್ತು ಬೋಲ್ಟ್ ಎರಡೂ. ಆದರೆ ಅದರ ಬದಿಗಳಿಗೆ ರಬ್ಬರ್ ಹಾಸಿದ್ದಾರೆ, ಆ ಕಾರಣಕ್ಕೆ ನಾನು ಎರಡನೆಯ ಸ್ಥಾನ ಕೊಡುತ್ತೇನೆ. ಕೈ ಚಿಕ್ಕದಿದ್ದರೆ ಅದು ದೊಡ್ಡದಾಗಿಯೂ ಕಂಡೀತು.

ಮಳೆಗಾಲದಲ್ಲಿ ರಾತ್ರಿ ಕೆಲಸ ಮುಗಿದ ಮೇಲೆ ಮೌಸನ್ನು ಮುಚ್ಚಳ ಇರುವ ಡಬ್ಬಿಯಲ್ಲಿ ಹಾಕಿಡಿ. ಹೊಸ ಬ್ಯಾಗು, ಚಪ್ಪಲಿಯ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಒಳಗಿರಲಿ. ಕೊಳ್ಳುವಾಗ ವಾರಂಟಿ ಎಷ್ಟು ವರ್ಷ ಎಂದು ಪೆಟ್ಟಿಗೆಯಲ್ಲೇ ಓದಿ, ಬಿಲ್ಲಿನ ಫೋಟೊ ತೆಗೆದಿಡಿ. ಈಗಿನ ಬಿಲ್ಲಿನ ಕಾಗದ ವರ್ಷದೊಳಗೆ ಬಿಳಿಚಿಕೊಳ್ಳುತ್ತದೆ. ಅಂದ ಹಾಗೆ, ಹಳೆಯ ಮೌಸ್‌ನ ಬಿಲ್ಲನ್ನೂ ಒಮ್ಮೆ ಹುಡುಕಿ. ಕೆಲವು ಕಂಪನಿಗಳು ಮೂರು ವರ್ಷದವರೆಗೆ ವಾರಂಟಿ ಕೊಡುತ್ತವೆ. ಎರಡೆರಡು ಕ್ಲಿಕ್ ಆಗುವುದು ಸಾಮಾನ್ಯವಾಗಿ ಅದರೊಳಗೆ ಬರುವ ದೋಷ. ಹಾಗಿದ್ದರೆ ಮೇಲೆ ಹೇಳಿದ ಆಲ್ಕೋಹಾಲ್ ಚಿಕಿತ್ಸೆ ಸದ್ಯಕ್ಕೆ ಬೇಡ, ಅಂಟಿದ ಹಾಗೆಯೇ ತೆಗೆದುಕೊಂಡು ಹೋಗಿ.

ಮತ್ತೆ, 300 ರೂಪಾಯಿಯ ವಯರ್ ಇರುವ ಮೌಸ್ ಒಂದು ಡ್ರಾಯರಿನಲ್ಲಿರಲಿ. ತಿಂಗಳು ತಿಂಗಳು ಹಾಕುವ ಜಿಎಸ್‌ಟಿಯ 3ಬಿ ರಿಟರ್ನಿಗೆ ಕೊನೆಯ ದಿನ 20ನೇ ತಾರೀಕು. ಆ ರಾತ್ರಿ ಸೆಲ್ ಮುಗಿದರೆ ಕಾಪು ಪೇಟೆಯಲ್ಲಿ ಅಂಗಡಿ ತೆರೆದಿರುವುದಿಲ್ಲ.