ಹೆಸರಿನಲ್ಲೇ ಕರಡಿ ಇತ್ತು

ಸಾಗರ ತಾಲ್ಲೂಕಿನ ಶಿಕ್ಷಕಿಯೊಬ್ಬರು ಬರೆದ ಪತ್ರದ ಸಾರ ಇದು: "ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣದ ಬಗ್ಗೆ ನೀವು ಹಾಕಿದ ಲೇಖನದಲ್ಲಿ ಖುಮ್‌ಜುಂಗ್ ಊರಿನ ಗೊಂಪಾದ (ಬೌದ್ಧ ಮಠದ) ಫೋಟೊ ಇತ್ತು. ಕೆಳಗೆ 'ಭಯಂಕರ ಹಿಮಮಾನವನ ತಲೆಚರ್ಮ' ಎಂದು ಬರೆದಿದ್ದಿರಿ. ಏಳನೇ ಕ್ಲಾಸಿನ ಮಕ್ಕಳಿಗೆ ಅದನ್ನು ಓದಿ ಹೇಳಿದೆ. ಆಮೇಲೆ ನೋಡಿದರೆ ಅದು ಮೇಕೆ ಜಾತಿಯ ಪ್ರಾಣಿಯ ಚರ್ಮವಂತೆ. ಶೆರ್ಪಾಗಳು ಪ್ರವಾಸಿಗರ ದುಡ್ಡಿಗಾಗಿ ಕಟ್ಟಿದ ಕಥೆಯನ್ನು ನೀವು ಯಾಕೆ ಹರಡುತ್ತೀರಿ? ಈಗ ಮಕ್ಕಳಿಗೆ ಏನು ಹೇಳಲಿ? ಒಬ್ಬ ಹುಡುಗಿಯಂತೂ, ಆ ಹಿಮಮಾನವ ಯೇತಿಯ ಪಾದ ಹಿಂದುಮುಂದು ಇರುತ್ತಂತೆ, ನಮ್ಮೂರ ದೆವ್ವಕ್ಕೂ ಹಾಗೇ ಅಲ್ವಾ ಟೀಚರ್ ಎಂದು ಕೇಳಿದಳು."

ಟೀಚರ್, ನಮಸ್ಕಾರ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಫೋಟೊದ ಕೆಳಗಿನ ಆ ಸಾಲನ್ನು ಬರೆದದ್ದು ಲೇಖಕರಲ್ಲ, ನಾನು. ಅದು ಸೀರೋ ಎಂಬ ಕಾಡುಪ್ರಾಣಿಯ ಚರ್ಮ. 1960ರಲ್ಲಿ ಎಡ್ಮಂಡ್ ಹಿಲರಿಯವರ ತಂಡ ಬೇರೆ ಕೆಲಸಗಳ ಜೊತೆ ಯೇತಿಯನ್ನೂ ಹುಡುಕುತ್ತ ಎವರೆಸ್ಟ್ ತಪ್ಪಲಿನ ಖುಂಬು ಕಣಿವೆಗೆ ಹೋಗಿತ್ತು. ಊರಿನವರ ಒಪ್ಪಿಗೆ ಪಡೆದು ಆ ತಲೆಚರ್ಮವನ್ನು ಷಿಕಾಗೊ, ಪ್ಯಾರಿಸ್, ಲಂಡನ್‌ಗೆ ಒಯ್ದು ಪರೀಕ್ಷೆ ಮಾಡಿಸಿದರು. ಸುಮ್ನೆ ಕೊಟ್ಟು ಕಳಿಸಲು ಊರಿನವರು ಒಪ್ಪಲಿಲ್ಲ. ಖುಂಜೊ ಚುಂಬಿ ಎಂಬ ಊರ ಹಿರಿಯರು ಜೊತೆಗೇ ಹೋಗಿ, ಜೊತೆಗೇ ವಾಪಸ್ ತಂದರು. ಇದೆಲ್ಲ ಗೊತ್ತಿದ್ದೂ ನಾನು 'ಭಯಂಕರ' ಎಂದು ಬರೆದೆ. ಓದುವವರ ಕಣ್ಣು ಅಲ್ಲಿ ನಿಲ್ಲಲಿ ಎಂಬ ಆಸೆಗೆ ಬರೆದದ್ದು. ಕ್ಷಮೆ ಇರಲಿ.

ಆದರೆ ದುಡ್ಡಿಗಾಗಿ ಕಟ್ಟಿದ ಕಥೆ ಎಂದಿರಲ್ಲ, ಅದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ. ನೇಪಾಳ ಹೊರಗಿನವರಿಗೆ ಬಾಗಿಲು ತೆರೆದದ್ದೇ 1950ರ ಹೊತ್ತಿಗೆ. ಖುಂಬುವಿನ ಶೆರ್ಪಾಗಳ ಮನೆಗಳಲ್ಲಿ ಯೇತಿಯ ಕಥೆ ಅದಕ್ಕಿಂತ ಎಷ್ಟೋ ಹಳೆಯದು. ಆ ಕಥೆಗೆ 'ಭಯಂಕರ' ಎಂಬ ಬಣ್ಣ ಬಳಿದದ್ದು ನನ್ನಂಥ ಪತ್ರಿಕೆಯವರು. ಅದು ಶುರುವಾದದ್ದು ನಮ್ಮ ಕೋಲ್ಕತ್ತಾದಲ್ಲಿ.

1921ರಲ್ಲಿ ಬ್ರಿಟಿಷರ ಮೊದಲ ಎವರೆಸ್ಟ್ ತಂಡ ಟಿಬೆಟ್ ಕಡೆಯಿಂದ ಹೋಗಿತ್ತು. ಚಾರ್ಲ್ಸ್ ಹೋವರ್ಡ್-ಬರಿ ಅದರ ನಾಯಕ. ಲಕ್ಪಾ ಲಾ ಎಂಬ ಕಣಿವೆದಾರಿಯ ಹಿಮದಲ್ಲಿ ಅವರಿಗೆ ಹೆಜ್ಜೆ ಗುರುತುಗಳು ಕಂಡವು. ದೊಡ್ಡ ತೋಳ ಓಡಿದ್ದಿರಬೇಕು ಎಂದು ಅವರು ಅಂದುಕೊಂಡರು. ಹೊರೆ ಹೊರುವವರು ಮಾತ್ರ 'ಮೆತೊ ಕಾಂಗ್ಮಿ' ಎಂದರು. ಡಾರ್ಜಿಲಿಂಗ್‌ನಲ್ಲಿ ಆ ಜನರನ್ನು ಮಾತಾಡಿಸಿದ ಹೆನ್ರಿ ನ್ಯೂಮನ್ ಎಂಬ ಪತ್ರಕರ್ತರು ಕೋಲ್ಕತ್ತಾದ 'ದಿ ಸ್ಟೇಟ್ಸ್‌ಮನ್' ಪತ್ರಿಕೆಗೆ ಬರೆಯುತ್ತಿದ್ದರು. ಕಾಂಗ್ಮಿ ಎಂದರೆ ಹಿಮದ ಮನುಷ್ಯ, ಅದು ಸರಿ. ಮೆತೊ ಎಂಬುದಕ್ಕೆ ಅವರು ಹೊಲಸು, ಅಸಹ್ಯ ಎಂಬ ಅರ್ಥ ಹಚ್ಚಿದರು. ಇಂಗ್ಲಿಷ್‌ನ 'ಅಬಾಮಿನಬಲ್ ಸ್ನೋಮ್ಯಾನ್' ಹುಟ್ಟಿದ್ದು ಹೀಗೆ. ಆ ಹೆಸರು ಲೋಕವೆಲ್ಲ ಸುತ್ತಿ ನಮ್ಮಲ್ಲಿಗೆ ಹಿಮಮಾನವ ಆಗಿ ಬಂತು.

ಹಾಗಾದರೆ ಮೆತೊ ಎಂದರೇನು? ಅದು 'ಮಿತೆ' ಎಂಬ ಮಾತು ಎನ್ನುತ್ತಾರೆ. ಮಿ ಎಂದರೆ ಮನುಷ್ಯ, ತೆ ಎಂದರೆ ಕರಡಿ. ಮನುಷ್ಯನಂಥ ಕರಡಿ! ಯೇತಿ ಎಂಬ ಹೆಸರಿನಲ್ಲೂ ಅದೇ ತೆ ಇದೆ, ಮುಂದೆ ಬಂಡೆ ಎಂಬ ಅರ್ಥದ ಯೆ ಸೇರಿದೆ ಅಷ್ಟೆ. ಹೊರೆ ಹೊತ್ತವರು ಹೇಳಿದ ಹೆಸರಿನಲ್ಲೇ ಕರಡಿ ಇತ್ತು ಟೀಚರ್. ಪತ್ರಿಕೆಯವರು ಕರಡಿಯನ್ನು ಬಿಟ್ಟು ಮನುಷ್ಯನನ್ನು ಮಾತ್ರ ಇಟ್ಟುಕೊಂಡರು. ನನಗೆ ಬೇಜಾರು ತರುವ ವಿಷಯ ಇದೇ.

ಆಮೇಲೆ ಆ ಮನುಷ್ಯನ ಹುಡುಕಾಟ ಶುರುವಾಯಿತು. 1951ರಲ್ಲಿ ಎರಿಕ್ ಶಿಪ್ಟನ್ ಮೆನ್‌ಲುಂಗ್ ಹಿಮನದಿಯಲ್ಲಿ ಒಂದು ಹೆಜ್ಜೆಯ ಫೋಟೊ ತೆಗೆದರು. ಪಕ್ಕದಲ್ಲಿ ಅಳತೆಗೆ ಹಿಮಗೊಡಲಿ ಇಟ್ಟಿದ್ದ ಆ ಚಿತ್ರ ಲೋಕಪ್ರಸಿದ್ಧವಾಯಿತು. ತಂಡಗಳ ಮೇಲೆ ತಂಡಗಳು ಬಂದವು. ಯೇತಿ ಹುಡುಕಲು 5,000 ರೂಪಾಯಿ ಕಟ್ಟಿ ಪರವಾನಗಿ ಪಡೆಯಬೇಕು, ಜೀವಕ್ಕೆ ಅಪಾಯ ಬಂದರೆ ಹೊರತು ಕೊಲ್ಲಬಾರದು, ಫೋಟೊ ತೆಗೆದರೆ ಸರ್ಕಾರಕ್ಕೆ ಕೊಡಬೇಕು ಎಂದು ನೇಪಾಳ ನಿಯಮ ಮಾಡಿತು. 1959ರಲ್ಲಿ ಕಠ್ಮಂಡುವಿನ ಅಮೆರಿಕ ರಾಯಭಾರ ಕಚೇರಿ ಈ ನಿಯಮಗಳನ್ನು ತನ್ನ ಸರ್ಕಾರಕ್ಕೆ ಬರೆದು ತಿಳಿಸಿದೆ. ದುಡ್ಡಿನ ಗದ್ದಲ ಹೊರಗಿನಿಂದ ಬಂದದ್ದು. ಪಾಂಗ್‌ಬೊಚೆ ಎಂಬ ಊರಿನ ಗೊಂಪಾದಲ್ಲಿ ಯೇತಿಯದೆಂದು ಪೂಜಿಸುತ್ತಿದ್ದ ಕೈಯಿಂದ ಒಂದು ಬೆರಳು ದೇಶ ದಾಟಿ ಲಂಡನ್ ಸೇರಿತು. 2011ರಲ್ಲಿ ಅದರ ಡಿಎನ್‌ಎ ನೋಡಿದಾಗ ಮನುಷ್ಯನದೆಂದು ಗೊತ್ತಾಯಿತು. ಉಳಿದ ಕೈಯನ್ನು 1990ರ ದಶಕದಲ್ಲಿ ಯಾರೋ ಕದ್ದೊಯ್ದರು. ಊರಿನವರಿಗೆ ಅದು ದೇವರ ಮನೆಯ ವಸ್ತು. ಅವರಿಗೆ ಎಷ್ಟು ನೋವಾಗಿರಬೇಕು ಯೋಚಿಸಿ.

2017ರಲ್ಲಿ ಷಾರ್ಲೆಟ್ ಲಿಂಡ್‌ಕ್ವಿಸ್ಟ್ ಎಂಬ ವಿಜ್ಞಾನಿಯ ತಂಡ, ಯೇತಿಯದೆಂದು ಜೋಪಾನ ಮಾಡಿದ್ದ ಮೂಳೆ, ಹಲ್ಲು, ಕೂದಲು, ಚರ್ಮ ಎಲ್ಲ ಸೇರಿ 9 ಮಾದರಿಗಳನ್ನು ಪರೀಕ್ಷಿಸಿತು. ಒಂದು ನಾಯಿಯದು. ಉಳಿದ 8 ಕರಡಿಗಳದು: ಕಪ್ಪು ಕರಡಿ, ಹಿಮಾಲಯದ ಕಂದು ಕರಡಿ, ಟಿಬೆಟ್‌ನ ಕಂದು ಕರಡಿ. ಕರಡಿ ನಡೆಯುವಾಗ ಮುಂಗಾಲಿನ ಗುರುತಿನ ಮೇಲೆ ಹಿಂಗಾಲು ಅರ್ಧ ಬಿದ್ದರೆ ಎರಡೂ ಸೇರಿ ಉದ್ದನೆಯ ಒಂದೇ ಪಾದದಂತೆ ಕಾಣುತ್ತದೆ. ಬಿಸಿಲಿಗೆ ಹಿಮ ಕರಗಿದ ಹಾಗೆ ಅದು ಇನ್ನೂ ಅಗಲವಾಗುತ್ತದೆ. 2019ರಲ್ಲಿ ನಮ್ಮ ಸೇನೆಯವರು ನೇಪಾಳದ ಮಕಾಲು ಶಿಖರದ ಬೇಸ್ ಕ್ಯಾಂಪ್ ಹತ್ತಿರ 32 ಇಂಚು ಉದ್ದದ ಹೆಜ್ಜೆ ಕಂಡೆವೆಂದು ಹೇಳಿದ್ದರಲ್ಲ, ಆಗಲೂ ನನಗೆ ನೆನಪಾದದ್ದು ಇದೇ.

ಇನ್ನು ಮಕ್ಕಳಿಗೆ ಏನು ಹೇಳುವುದು? ಕರಡಿಯ ವಿಷಯ ಖಂಡಿತ ಹೇಳಿ. ಹಿಮಾಲಯದ ಕಂದು ಕರಡಿ ಈಗ ತೀರಾ ಕಡಿಮೆ ಉಳಿದಿದೆ ಎಂಬುದನ್ನೂ ಹೇಳಿ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಶೆರ್ಪಾ ಅಜ್ಜಿಯರ ಕಥೆಗಳನ್ನೂ ಹೇಳಿ.

ಒಂದು ಕಥೆ ಹೀಗಿದೆ. ಯೇತಿಗಳು ಬೆಳೆ ಹಾಳು ಮಾಡುತ್ತಿದ್ದವು. ಮನುಷ್ಯರು ಏನು ಮಾಡಿದರೂ ಅದನ್ನೇ ನೋಡಿ ಮಾಡುವುದು ಅವುಗಳ ಚಾಳಿ. ಊರಿನವರು ಬಯಲಿಗೆ ಹೋಗಿ, ಛಾಂಗ್ ಎಂಬ ಹೆಂಡ ಕುಡಿದಂತೆ ನಟಿಸಿ, ಮರದ ಕತ್ತಿ ಹಿಡಿದು ಸುಳ್ಳು ಜಗಳ ಆಡಿದರು. ಸಂಜೆ ಮನೆಗೆ ಹೋಗುವಾಗ ನಿಜವಾದ ಛಾಂಗ್, ನಿಜವಾದ ಕತ್ತಿಗಳನ್ನು ಬಿಟ್ಟುಹೋದರು. ರಾತ್ರಿ ಯೇತಿಗಳು ಬಂದು ಕಂಠಪೂರ್ತಿ ಕುಡಿದು ಕಡಿದಾಡಿ ಸತ್ತವು. ಅಳಿದುಳಿದವು ಮನುಷ್ಯರ ಸಹವಾಸವೇ ಬೇಡವೆಂದು ಎತ್ತರದ ಬಂಡೆಗಳಿಗೆ ಓಡಿಹೋದವು. ಅದಕ್ಕೇ ಈಗ ಕಣ್ಣಿಗೆ ಬೀಳುವುದಿಲ್ಲವಂತೆ.

ಇನ್ನೊಂದು ಕಥೆ ನನಗೆ ಇದಕ್ಕಿಂತ ಜಾಸ್ತಿ ಇಷ್ಟ. ಪಾಂಗ್‌ಬೊಚೆ ಗೊಂಪಾ ಕಟ್ಟಿದ ಲಾಮಾ ಸಾಂಗ್ವಾ ದೋರ್ಜೆ ಗುಹೆಯಲ್ಲಿ ಧ್ಯಾನಕ್ಕೆ ಕೂತಿದ್ದಾಗ ಒಂದು ಯೇತಿ ಬಂದು ಅವರಿಗೆ ನೀರು, ಆಹಾರ ತಂದುಕೊಡುತ್ತಿತ್ತು. ಅದು ಸತ್ತ ಮೇಲೆ ಲಾಮಾ ಅದರ ತಲೆಚರ್ಮ, ಕೈ ಎರಡನ್ನೂ ಇಟ್ಟುಕೊಂಡರು. ಆ ಜನ ಪೂಜೆ ಮಾಡುತ್ತಿದ್ದದ್ದು ಗುರುವಿನ ಸೇವೆ ಮಾಡಿದ ಒಬ್ಬ ಶಿಷ್ಯನ ನೆನಪಿಗೆ. ಇಂಥದ್ದೇ ಇನ್ನೊಂದು ತಲೆಚರ್ಮದ ಕೆಳಗೆ ನಾನು 'ಭಯಂಕರ' ಎಂದು ಬರೆದೆನಲ್ಲ!

ಖುಮ್‌ಜುಂಗ್‌ನಲ್ಲಿ ಒಂದು ಶಾಲೆಯೂ ಇದೆ ಟೀಚರ್. ತಲೆಚರ್ಮ ಊರೂರು ಸುತ್ತಿ ಬಂದ ಮೇಲೆ, 1961ರಲ್ಲಿ, ಹಿಲರಿಯವರು ಕಟ್ಟಿಸಿಕೊಟ್ಟದ್ದು. ಅಲ್ಲಿನ ಮಕ್ಕಳು ಕರಡಿಯ ಪಾಠವನ್ನೂ ಓದುತ್ತಾರೆ, ಮನೆಗೆ ಹೋಗಿ ಯೇತಿಯ ಕಥೆಯನ್ನೂ ಕೇಳುತ್ತಾರೆ.

ಕೊನೆಗೆ ಆ ಹುಡುಗಿಯ ಪ್ರಶ್ನೆ. ಹೌದು ಪುಟ್ಟಿ, ನೀನು ಹೇಳಿದ್ದು ನಿಜ. ಯೇತಿಯ ಪಾದ ಹಿಂದುಮುಂದು ಎಂದು ಶೆರ್ಪಾಗಳೂ ಹೇಳುತ್ತಾರೆ. ಅದರ ಹೆಜ್ಜೆ ಹಿಡಿದು ಹೋದವನು ಅದು ಬಂದ ಕಡೆಗೇ ಹೋಗುತ್ತಾನೆ, ಅದು ಹೋದ ಕಡೆಗಲ್ಲ. ನಿಮ್ಮೂರ ದೆವ್ವದ ಪಾದ ಯಾಕೆ ಹಾಗಿದೆ? ನಿಮ್ಮ ಅಜ್ಜಿಯನ್ನು ಕೇಳಿ, ಅವರು ಹೇಳಿದ ಮಾತಿನಲ್ಲೇ ಬರೆದು ಕಳಿಸು. ನಮ್ಮ ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಅದೇ ಫೋಟೊದ ಜೊತೆ ಬರುತ್ತದೆ. ನಿನ್ನ ಅಜ್ಜಿಯ ಕಥೆಗೂ ಪಕ್ಕದಲ್ಲೇ ಜಾಗ ಬಿಟ್ಟಿರುತ್ತೇನೆ.

– ಸಂ.