ಒಂದೇ ಬಡಾವಣೆಯಲ್ಲಿ ಒಂಬತ್ತು ಮಂದಿಗೆ ಕ್ಯಾನ್ಸರ್: ತನಿಖೆ ಎಲ್ಲಿಂದ ಶುರುವಾಗಬೇಕು?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ನೂರು ಮನೆಗಳಿವೆ, ಸುಮಾರು 400 ಜನ. ಎಂಟು ವರ್ಷಗಳಲ್ಲಿ ಒಂಬತ್ತು ಮಂದಿಗೆ ಕ್ಯಾನ್ಸರ್ ಬಂದಿದೆ. ಮೂವರಿಗೆ ಸ್ತನದ್ದು, ಇಬ್ಬರಿಗೆ ಶ್ವಾಸಕೋಶದ್ದು, ತಲಾ ಒಬ್ಬರಿಗೆ ಕರುಳು, ಪ್ರಾಸ್ಟೇಟ್ ಮತ್ತು ಬಾಯಿಯದು. ಆರು ವರ್ಷದ ಒಂದು ಮಗುವಿಗೆ ರಕ್ತದ ಕ್ಯಾನ್ಸರ್. ಹಿಂಬದಿಯಲ್ಲಿ ಮುಚ್ಚಿಹೋದ ಬಣ್ಣದ ಕಾರ್ಖಾನೆಯಿದೆ, ಕೊಳವೆ ಬಾವಿಯ ನೀರು ಆಗಾಗ ವಾಸನೆ ಬರುತ್ತದೆ. ವೈದ್ಯರೊಬ್ಬರನ್ನು ಕೇಳಿದರೆ ‘ಕಾಕತಾಳೀಯ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ತನಿಖೆ ಮಾಡಿಸುವುದು ಹೇಗೆ?

ಉತ್ತರ: ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧ ಇಲ್ಲದಿರಬಹುದು. ಆದರೆ ಲೆಕ್ಕ ಹಾಕದೆ ಹಾಗೆನ್ನುವುದು ಸರಿಯಲ್ಲ. ಆ ಲೆಕ್ಕ ಕಷ್ಟದ್ದೂ ಅಲ್ಲ, ನಾವೇ ಹಾಕೋಣ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 2 ಕೋಟಿ ಮಂದಿಗೆ ಹೊಸದಾಗಿ ಕ್ಯಾನ್ಸರ್ ಬಂತೆಂಬ ಅಂದಾಜಿದೆ. ಜನಸಂಖ್ಯೆ ಸುಮಾರು 800 ಕೋಟಿ. ಅಂದರೆ ಒಂದು ಲಕ್ಷ ಜನರಲ್ಲಿ ವರ್ಷಕ್ಕೆ 250. ಇದನ್ನೇ ಹಿಡಿದರೆ ನಿಮ್ಮ 400 ಜನರಲ್ಲಿ ಎಂಟು ವರ್ಷಕ್ಕೆ 8 ಪ್ರಕರಣ ಸಹಜವಾಗಿಯೇ ಬರಬೇಕು. ನೀವು ಕಂಡದ್ದು 9. ಇದು ಬರೀ ಒರಟು ಲೆಕ್ಕ. ವಯಸ್ಸಾದವರೇ ಹೆಚ್ಚಿದ್ದರೆ ನಿರೀಕ್ಷೆ ಏರುತ್ತದೆ, ಎಳೆಯ ಸಂಸಾರಗಳೇ ಹೆಚ್ಚಿದ್ದರೆ ಇಳಿಯುತ್ತದೆ. ನಿಜವಾದ ತನಿಖೆಯಲ್ಲಿ ಆ ಪ್ರದೇಶದ ಕ್ಯಾನ್ಸರ್ ನೋಂದಣಿಯ ಅಂಕಿಗಳನ್ನು ತೆಗೆದುಕೊಂಡು, ವಯಸ್ಸು ಮತ್ತು ಲಿಂಗಕ್ಕೆ ತಕ್ಕಂತೆ ಹೊಂದಿಸಿಯೇ ಹೋಲಿಸುತ್ತಾರೆ.

ಆದ್ದರಿಂದ ನನ್ನ ಕಣ್ಣು ಒಂಬತ್ತರ ಮೇಲಿಲ್ಲ, ನೀವು ಕೊಟ್ಟ ವಿವರದ ಮೇಲಿದೆ. ಕ್ಯಾನ್ಸರ್ ಎಂಬುದು ಒಂದು ಕಾಯಿಲೆಯ ಹೆಸರಲ್ಲ. ನೂರಕ್ಕೂ ಹೆಚ್ಚು ಬಗೆಗಳಿವೆ, ಒಂದೊಂದರ ಹುಟ್ಟೂ ಬೇರೆ. ಒಂದೇ ವಿಷ ಸ್ತನ, ಪ್ರಾಸ್ಟೇಟ್, ಬಾಯಿ, ಕರುಳು ಎಲ್ಲಕ್ಕೂ ಏಕಕಾಲಕ್ಕೆ ಕಾರಣವಾಗುವುದು ತೀರಾ ಅಪರೂಪ. ಹೀಗೆ ಕಲಸಿದ ಪಟ್ಟಿ ಎಲ್ಲ ಊರುಗಳಲ್ಲೂ ಸಿಗುತ್ತದೆ. ಇಂಥ ಲೆಕ್ಕ ನೋಡುವ ನಮ್ಮಂಥವರ ಕಿವಿ ನಿಮಿರುವುದು ಅಪರೂಪದ ಒಂದೇ ಬಗೆ ಮತ್ತೆ ಮತ್ತೆ ಕಂಡಾಗ, ಇಲ್ಲವೇ ಬರಬಾರದ ವಯಸ್ಸಿನಲ್ಲಿ ಬಂದಾಗ. ಟರ್ಕಿಯ ಕರಾಯಿನ್ ಎಂಬ ಹಳ್ಳಿಯಲ್ಲಿ ಮೆಸೊಥೀಲಿಯೋಮಾ ಎಂಬ ಅತಿ ವಿರಳ ಕ್ಯಾನ್ಸರ್ ಮನೆಮನೆಯಲ್ಲೂ ಕಂಡಿತು. ಮೂಲ ಹುಡುಕಿದರೆ ಮನೆ ಕಟ್ಟಿದ ಕಲ್ಲಿನಲ್ಲೇ ಎರಿಯೋನೈಟ್ ಎಂಬ ನಾರಿನಂಥ ಖನಿಜವಿತ್ತು. 1971ರಲ್ಲಿ ಬಾಸ್ಟನ್ನಿನ ವೈದ್ಯರು ತರುಣಿಯರಲ್ಲಿ ಯೋನಿಯ ಒಂದು ವಿರಳ ಕ್ಯಾನ್ಸರ್ ಕಂಡದ್ದು ಎಂಟೇ ಪ್ರಕರಣ. ಅವರಲ್ಲಿ ಏಳು ಮಂದಿಯ ತಾಯಂದಿರು ಬಸಿರಿನಲ್ಲಿ ಡಿಇಎಸ್ ಎಂಬ ಹಾರ್ಮೋನ್ ಔಷಧ ತೆಗೆದುಕೊಂಡಿದ್ದರು. ಅಲ್ಲಿ ಎಂಟೇ ಸಾಕಾಯಿತು.

ನಿಮ್ಮ ಪಟ್ಟಿಯಲ್ಲಿ ಮಗುವಿನ ಪ್ರಕರಣವನ್ನು ನಾನು ಬೇರೆಯಾಗಿ ಎತ್ತಿಡುತ್ತೇನೆ. ಒಂದೇ ಆದರೆ ಅದರಿಂದ ಏನನ್ನೂ ಹೇಳಲಾಗದು. ಅಕ್ಕಪಕ್ಕದ ಬಡಾವಣೆಗಳಲ್ಲೂ ಮಕ್ಕಳಲ್ಲಿ ಅದೇ ಬಗೆಯ ರಕ್ತದ ಕ್ಯಾನ್ಸರ್ ಇದೆಯೇ ಎಂದು ಕೇಳಿನೋಡಿ.

ಈಗ ನೀವು ಮಾಡಬೇಕಾದ ಕೆಲಸ. ಆರೋಗ್ಯ ಇಲಾಖೆಗೆ ಸಹಿ ಸಂಗ್ರಹಿಸಿದ ಮನವಿಗಿಂತ ಒಂದು ಒಳ್ಳೆಯ ಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ. ಪ್ರತಿಯೊಬ್ಬರಿಗೂ ಕ್ಯಾನ್ಸರ್ ಮೊದಲು ಹುಟ್ಟಿದ ಅಂಗ (ಶ್ವಾಸಕೋಶಕ್ಕೆ ಹರಡಿದ್ದು ಶ್ವಾಸಕೋಶದ ಕ್ಯಾನ್ಸರ್ ಅಲ್ಲ), ಬಯಾಪ್ಸಿ ವರದಿಯಲ್ಲಿರುವ ಬಗೆ, ಪತ್ತೆಯಾದ ವರ್ಷ, ಆಗಿನ ವಯಸ್ಸು, ಉದ್ಯೋಗ, ತಂಬಾಕಿನ ಅಭ್ಯಾಸ. ಎಲ್ಲಕ್ಕಿಂತ ಮುಖ್ಯ, ಆ ಮನೆಗೆ ಅವರು ಬಂದ ವರ್ಷ. ಗಡ್ಡೆ ಕಟ್ಟುವ ಬಹುತೇಕ ಕ್ಯಾನ್ಸರುಗಳು ವಿಷಕ್ಕೆ ಒಡ್ಡಿಕೊಂಡು ಹತ್ತಾರು ವರ್ಷಗಳ ಮೇಲೆ ಮೇಲೇಳುತ್ತವೆ. ಎರಡು ವರ್ಷದ ಹಿಂದೆ ಬಂದ ಬಾಡಿಗೆದಾರರ ಶ್ವಾಸಕೋಶದ ಕ್ಯಾನ್ಸರನ್ನು ನಿಮ್ಮ ನೀರಿನ ತಲೆಗೆ ಕಟ್ಟಲಾಗದು. ಹಾಗೆಯೇ ಬಡಾವಣೆ ಬಿಟ್ಟುಹೋದವರನ್ನು ಮರೆಯಬೇಡಿ. ಅವರೂ ಲೆಕ್ಕಕ್ಕೆ ಬರಬೇಕು. ಗಡಿಯ ವಿಷಯದಲ್ಲೂ ಎಚ್ಚರ. ಕಾಯಿಲೆ ಇರುವ ಮನೆಗಳ ಸುತ್ತ ಗೆರೆ ಎಳೆದು ‘ಇಲ್ಲೇ ಹೆಚ್ಚು’ ಎನ್ನುವುದು, ಕಲ್ಲು ಬಿದ್ದ ಮೇಲೆ ಅದರ ಸುತ್ತ ವೃತ್ತ ಬರೆದು ಗುರಿ ತಾಗಿತು ಎಂದ ಹಾಗೆ. ಆ ನೀರು ಯಾವ ಯಾವ ಮನೆಗೆ ಹೋಗುತ್ತದೆ ಎಂಬುದೇ ಗಡಿಯಾಗಲಿ.

ತನಿಖೆಯಿಂದ ಏನು ಸಿಗಬಹುದು ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಇಪ್ಪತ್ತು ವರ್ಷಗಳಲ್ಲಿ ನಡೆದ 428 ತನಿಖೆಗಳನ್ನು 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಒಟ್ಟುಗೂಡಿಸಿ ನೋಡಿತು. ಅನುಮಾನಪಟ್ಟ 567 ಕ್ಯಾನ್ಸರ್ ವರ್ಗಗಳಲ್ಲಿ ನಿಜಕ್ಕೂ ಹೆಚ್ಚಳ ಕಂಡದ್ದು 72ರಲ್ಲಿ. ಶಂಕಿತ ಮಾಲಿನ್ಯಕ್ಕೆ ತಳುಕು ಬಿದ್ದದ್ದು ಮೂರು. ಕಾರಣ ಖಚಿತವಾದದ್ದು ಒಂದೇ ತನಿಖೆಯಲ್ಲಿ.

ಇದನ್ನು ಓದಿ ಕೈಚೆಲ್ಲಬೇಡಿ. ವಾಸನೆ ಬರುವ ನೀರನ್ನು ಪರೀಕ್ಷಿಸಲು ಕ್ಯಾನ್ಸರ್ ಲೆಕ್ಕ ಮುಗಿಯುವವರೆಗೆ ಕಾಯುವ ಅಗತ್ಯವೇ ಇಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನ ವೂಬರ್ನ್ ಪಟ್ಟಣದಲ್ಲಿ ಟ್ರೈಕ್ಲೋರೋಎಥಿಲೀನ್ ಎಂಬ ಕೈಗಾರಿಕಾ ದ್ರಾವಕ ಸಿಕ್ಕಿದ ಎರಡು ಬಾವಿಗಳನ್ನು 1979ರಲ್ಲೇ ಮುಚ್ಚಿದರು. ತಾಯಿ ಬಸಿರಿನಲ್ಲಿ ಕುಡಿದ ಆ ನೀರಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೂ ನಂಟಿದೆ ಎಂಬ ಅಧ್ಯಯನ ಬಂದದ್ದು 1990ರ ದಶಕದಲ್ಲಿ. ಅಲ್ಲಿಯವರೆಗೆ ಬಾವಿ ತೆರೆದೇ ಇದ್ದಿದ್ದರೆ? ಪರೀಕ್ಷೆಗೆ ಕೊಡುವಾಗ ಗಡಸುತನ, ಬ್ಯಾಕ್ಟೀರಿಯಾ ನೋಡಿದರೆ ಸಾಲದು. ಭಾರಲೋಹ, ಆವಿಯಾಗುವ ದ್ರಾವಕಗಳನ್ನೂ ನೋಡಬೇಕೆಂದು ಬರೆದುಕೊಡಿ.

ಪ್ರಶ್ನೆ: ನಮ್ಮಲ್ಲಿ ತನಿಖೆ ಮುಗಿದಿದೆ. ‘ಸಂಖ್ಯಾಶಾಸ್ತ್ರದ ಪ್ರಕಾರ ಗಣನೀಯ ಹೆಚ್ಚಳವಿಲ್ಲ’ ಎಂದು ವರದಿ ಬಂದಿದೆ. ಅಪಾಯವಿಲ್ಲ ಎಂದರ್ಥವೇ?

ಉತ್ತರ: ಹಾಗೇನಿಲ್ಲ. 2.5 ಪ್ರಕರಣ ನಿರೀಕ್ಷಿಸಿದ್ದಲ್ಲಿ 5 ಕಂಡವು ಎನ್ನಿ. ಅನುಪಾತ 2, ಅಂದರೆ ದುಪ್ಪಟ್ಟು. ಆದರೆ ಸಂಖ್ಯೆ ಚಿಕ್ಕದಾದ್ದರಿಂದ ನಿಜವಾದ ಅನುಪಾತ ಸುಮಾರು 0.65ರಿಂದ 4.7ರ ನಡುವೆ ಎಲ್ಲಿಯೂ ಇರಬಹುದು. ಆ ವ್ಯಾಪ್ತಿಯೊಳಗೆ 1 (ಅಂದರೆ ನಿರೀಕ್ಷಿಸಿದಷ್ಟೇ, ಹೆಚ್ಚಳವಿಲ್ಲ) ಬಂದುಬಿಟ್ಟರೆ ವರದಿಯಲ್ಲಿ ‘ಗಣನೀಯವಲ್ಲ’ ಎಂದೇ ಬರೆಯುತ್ತಾರೆ. ಆ ಪದ ಅಧಿಕಾರಿಗಳಿಗೆ ಹಿತ, ಜನರಿಗೆ ಗೊಂದಲ. ವ್ಯಾಪ್ತಿಯ ಅಂಕಿ ಎಷ್ಟು, ಊರು ಬಿಟ್ಟವರನ್ನು ಸೇರಿಸಿದರೇ, ಯಾವ ವರ್ಷಗಳ ದಾಖಲೆ ನೋಡಿದರು ಎಂದು ಲಿಖಿತವಾಗಿ ಕೇಳಿ. ಐದು ವರ್ಷ ಬಿಟ್ಟು ಅದೇ ಗಡಿಯಲ್ಲಿ ಮತ್ತೆ ಎಣಿಸುತ್ತಾರೆಯೇ ಎಂಬುದನ್ನೂ ಅದೇ ಪತ್ರದಲ್ಲಿ ಸೇರಿಸಿ.